ಅವನು ಕೇಳಿದ್ದು ಕೆಂಪು ಬಣ್ಣ

ಪುತ್ತಿಗೆಯಿಂದ ಒಳಗೆ ಹೋದರೆ ಸಿಗುವ ಒಂದು ಸಣ್ಣ ಊರಿನಲ್ಲಿ ನಮ್ಮ ಯುವಕರ ಘಟಕ ಸಾಯುತ್ತಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ತಿಂಗಳು ಅದಕ್ಕೆ ಕಂಪ್ಯೂಟರಿನಲ್ಲಿ ಹಸಿರು ಬಣ್ಣ ಹಾಕಿದೆ. ಕೊನೆಗೆ, ಸುಳ್ಳು ವರದಿ ಕೊಟ್ಟವನು ಅಲ್ಲಿಯ ಕಾರ್ಯದರ್ಶಿ ಶರೀಫ್ ಎಂದು ಎಲ್ಲರೂ ತೀರ್ಮಾನ ಮಾಡಿದಾಗ, ನನಗೇನೂ ಗೊತ್ತಿರಲಿಲ್ಲ ಎಂದೆ. ಸುಳ್ಳು ನನ್ನದು. ಇದನ್ನು ಮೊದಲೇ ಬರೆದುಬಿಡುತ್ತೇನೆ — ಇಲ್ಲದಿದ್ದರೆ ಮುಂದೆ ಎಲ್ಲಾದರೂ ತಪ್ಪಿಸಿಕೊಳ್ಳಲು ದಾರಿ ಹುಡುಕಿಯೇನು ಎಂಬ ಭಯ ಉಂಟು.

ಆಗ ಗುರುವಾಯನಕೆರೆಯಲ್ಲಿ ನನ್ನದೊಂದು ಸೈಬರ್ ಅಂಗಡಿ ಇತ್ತು. ಗಲ್ಫಿನಲ್ಲಿರುವ ಗಂಡನ ಮುಖ ನೋಡಲು ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದ ಕಾಲ ಅದು. ನಮ್ಮ ಸಂಘಟನೆಗೆ ಮಸೀದಿ ಇರುವ ಹೆಚ್ಚಿನ ಊರುಗಳಲ್ಲಿ ಯುವಕರ ಘಟಕ ಇತ್ತು. ತಿಂಗಳಿಗೊಮ್ಮೆ ಒಟ್ಟು ಸೇರಿ ಪ್ರವಾದಿಯವರ ಮೇಲೆ ಸ್ವಲಾತ್ ಹೇಳುವುದು, ಕಾಯಿಲೆಯವರನ್ನು ನೋಡಿ ಬರುವುದು, ಮರಣ ಆದ ಮನೆಯಲ್ಲಿ ಕೆಲಸಕ್ಕೆ ನಿಲ್ಲುವುದು, ಯಾರಿಗಾದರೂ ಬೇಕಾದರೆ ರಕ್ತ ಕೊಡುವುದು — ಇಷ್ಟೇ ಘಟಕದ ಕೆಲಸ. ಎಲ್ಲಾ ಘಟಕಗಳ ಆರೋಗ್ಯವನ್ನು ಇಂಟರ್ನೆಟ್ಟಿನಲ್ಲಿ ದಾಖಲಿಸಬೇಕೆಂದು ಮೇಲಿನವರು ಒಂದು ವೆಬ್‌ಸೈಟ್ ಮಾಡಿಸಿದರು. ಸುತ್ತಲಿನ ಊರುಗಳು ಸೇರಿದ ನಮ್ಮ ವಲಯದ ಕೆಲಸ ನನ್ನ ಪಾಲಿಗೆ ಬಂತು. ಕಂಪ್ಯೂಟರ್ ಇದ್ದವನು ನಾನೊಬ್ಬನೇ.

ಆ ಪುಟ ಮೊದಲ ಸಲ ತೆರೆದುಕೊಂಡದ್ದು ಈಗಲೂ ಕಣ್ಣಲ್ಲಿದೆ. ನಿಧಾನದ ಸಂಪರ್ಕ, ಚಿತ್ರ ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿದು ಬಂತು. ನಮ್ಮ ಊರುಗಳ ಹೆಸರು, ಪ್ರತಿಯೊಂದರ ಪಕ್ಕ ಒಂದು ಚುಕ್ಕೆ. ಸಭೆ ಸೇರಿತೇ, ಎಷ್ಟು ಮಂದಿ ಬಂದರು, ಯಾರನ್ನು ನೋಡಲು ಹೋದರು, ರಕ್ತ ಕೊಡುವವರು ಯಾರು — ಉತ್ತರ ತುಂಬಿಸಿ ಗುಂಡಿ ಒತ್ತಿದರೆ ಆ ಚುಕ್ಕೆಗೆ ಬಣ್ಣ ಬರುತ್ತಿತ್ತು. ನಮ್ಮ ವಲಯದ ಅಧ್ಯಕ್ಷರು ಇದ್ದಿನಬ್ಬಾಕ, ಪಾಣೆಮಂಗಳೂರಿನಲ್ಲಿ ಬಟ್ಟೆ ಅಂಗಡಿ ಇದ್ದವರು, ನನ್ನ ಕುರ್ಚಿಯ ಹಿಂದೆ ನಿಂತು ನೋಡುತ್ತಿದ್ದರು. ಮೊದಲ ಹಸಿರು ಹೊತ್ತಿಕೊಂಡಾಗ ಅವರು ಬಗ್ಗಿ ಪರದೆಯ ಹತ್ತಿರ ಮುಖ ತಂದರು. ಆಮೇಲೆ, ‘ಇಲ್ಲಿ ಕೂತು ಅಲ್ಲಿಯವರ ನಾಡಿ ಹಿಡಿದ ಹಾಗೆ ಉಂಟಲ್ಲ ಮಾರಾಯ’ ಎಂದರು. ನನಗೂ ಮೈ ಜುಮ್ಮೆಂದಿತ್ತು.

ಹಸಿರು ಎಂದರೆ ಘಟಕ ಚೆನ್ನಾಗಿದೆ. ಹಳದಿ ಎಂದರೆ ಸ್ವಲ್ಪ ನೋಡಿಕೊಳ್ಳಬೇಕು. ಕೆಂಪು ಬಿದ್ದರೆ ವಲಯದ ಇಬ್ಬರು ಆ ಊರಿಗೆ ಹೋಗಬೇಕು, ಘಟಕ ಎದ್ದು ನಿಲ್ಲುವವರೆಗೆ ಪ್ರತಿ ಸಭೆಯಲ್ಲಿ ಅವರ ಜೊತೆ ಕೂರಬೇಕು. ಅಂದರೆ ಕೆಂಪು ಒಂದು ಕರೆ. ತರಬೇತಿಯಲ್ಲಿ ಇದನ್ನು ಬಿಡಿಸಿ ಹೇಳಿದ್ದರು. ಆದರೆ ನಾವು ಮಾರ್ಕು ಕಾರ್ಡಿನ ಕೆಂಪು ಶಾಯಿಗೆ ಹೆದರಿ ಬೆಳೆದವರು. ವಲಯದಲ್ಲಿ ಒಂದು ಕೆಂಪು ಬಿದ್ದರೆ ನಾವೆಲ್ಲ ಫೇಲಾದ ಹಾಗೆ ಎಂದು ನಾನು ತಿಳಿದೆ — ಇಲ್ಲ, ಹಾಗೆ ತಿಳಿಯಲು ಇಷ್ಟಪಟ್ಟೆ.

ಬಣ್ಣ ಹಾಕುವ ಮೊದಲು ನಾನು ಖುದ್ದಾಗಿ ಊರಿಗೆ ಹೋಗಿ, ಹುಡುಗರ ಜೊತೆ ಕೂತು, ಕೇಳಿ ಬರಬೇಕಿತ್ತು. ಸುರುವಿಗೆ ಹೋದೆ. ವೇಣೂರಿನ ದಾರಿಯ ಬಸ್ಸು, ಮತ್ತೆ ನಡಿಗೆ, ಅಂಗಡಿಗೆ ಬೀಗ. ಆಮೇಲೆ ನಾನೇ ಒಂದು ಉಪಾಯ ಮಾಡಿದೆ. ಸಭೆ ಮುಗಿದ ಕೂಡಲೇ ಕಾರ್ಯದರ್ಶಿ ನನಗೆ ಒಂದು ಮಿಸ್ ಕಾಲ್ ಕೊಡುವುದು, ನಾನು ತಿರುಗಿ ಫೋನು ಮಾಡಿ ವಿವರ ಕೇಳುವುದು. ಕೆಲವು ತಿಂಗಳಲ್ಲಿ ತಿರುಗಿ ಮಾಡುವುದೂ ನಿಂತಿತು. ಮಿಸ್ ಕಾಲ್ ಬಂದರೆ ಸಭೆ ಆಯಿತು ಎಂದು ಲೆಕ್ಕ. ಉಳಿದ ಉತ್ತರಗಳನ್ನು ಹಿಂದಿನ ತಿಂಗಳಿನಿಂದ ಹಾಗೆಯೇ ಎತ್ತಿ ಹಾಕುತ್ತಿದ್ದೆ.

ಶರೀಫನ ಮಿಸ್ ಕಾಲ್ ಒಂದು ತಿಂಗಳೂ ತಪ್ಪಲಿಲ್ಲ. ಅವನು ಮೂಡುಬಿದಿರೆಯಲ್ಲಿ ಒಂದು ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮಾತು ಕಡಿಮೆ, ನಗು ಜಾಸ್ತಿ. ಒಂದು ದಿನ ಅಂಗಡಿಯ ಫೋನಿನಿಂದ ಅವನೇ ಕರೆ ಮಾಡಿದ. ಅವರ ಊರಿನ ಹುಡುಗರು ಒಬ್ಬೊಬ್ಬರಾಗಿ ಗಲ್ಫಿಗೆ ಹೋದರಂತೆ, ಉಳಿದ ಇಬ್ಬರು ಮಂಗಳೂರಿನಲ್ಲಿ ಕೆಲಸಕ್ಕೆ ನಿಂತರಂತೆ. ಸಣ್ಣ ಪ್ರಾಯದ ಹುಡುಗರು ಇದ್ದಾರೆ, ಆದರೆ ಅವರನ್ನು ಕರೆದು ಕೂರಿಸಲು ತನ್ನ ಮಾತು ಸಾಲುವುದಿಲ್ಲ, ವಲಯದ ಹಿರಿಯರು ಬಂದರೆ ಆದೀತು ಎಂದ. ನಾನು ಹೂಂಗುಟ್ಟಿದೆ. ಫೋನು ಇಡುವ ಮೊದಲು ಅವನು ಹೇಳಿದ —

‘ಬಶೀರಾಕ, ಈ ಸಲ ನಮಗೆ ಕೆಂಪು ಹಾಕಿ. ಕೆಂಪು ಹಾಕಿದರೆ ಯಾರಾದರೂ ಬರ್ತಾರೆ.’

‘ನೋಡುವ’ ಎಂದೆ. ಆ ಸಂಜೆಯೇ ಹಸಿರು ಹಾಕಿದೆ. ವರ್ಷದ ಕೊನೆ ಹತ್ತಿರ ಬಂದಿತ್ತು. ಒಂದೇ ಒಂದು ಬೇರೆ ಬಣ್ಣ ಇಲ್ಲದ ವಲಯ ಆಗುವ ಸಾಧ್ಯತೆ ನಮಗಿತ್ತು, ಇದ್ದಿನಬ್ಬಾಕ ಅದನ್ನು ಕಂಡ ಕಂಡವರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದರು.

ಮುಂದಿನದ್ದನ್ನು ಬರೆಯುವಾಗ ನಾನು ನಿಧಾನ ಮಾಡಬೇಕು.

ನನ್ನ ತಂಗಿ ಝೊಹರಾಳನ್ನು ಹೆರಿಗೆಗೆ ಮೂಡುಬಿದಿರೆಯ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಮಗು ಹುಟ್ಟಿತು, ಹೆಣ್ಣು. ಆದರೆ ರಕ್ತ ನಿಲ್ಲಲಿಲ್ಲ. ಅವಳ ಗುಂಪಿನ ರಕ್ತ ಕೂಡಲೇ ಬೇಕು, ಜನ ಕರೆಸಿ ಎಂದರು. ನನ್ನದು ಹೊಂದಲಿಲ್ಲ. ಭಾವ ಸೌದಿಯಲ್ಲಿ. ವಿಷಯ ಕೇಳಿ ಓಡಿ ಬಂದ ಇದ್ದಿನಬ್ಬಾಕ ನನ್ನ ಬೆನ್ನು ತಟ್ಟಿ, ಹೆದರಬೇಡ, ಇಲ್ಲೇ ಪಕ್ಕದಲ್ಲಿ ನಮ್ಮ ಹಸಿರು ಘಟಕ ಉಂಟಲ್ಲ, ರಕ್ತ ಕೊಡುವವರ ಹೆಸರು ನೀನೇ ಹಾಕಿದ್ದಲ್ಲವಾ ಎಂದು ಹೇಳಿ ಶರೀಫನಿಗೆ ಫೋನು ಮಾಡಿದರು.

ನಾನೇ ಹಾಕಿದ್ದು. ಹಿಂದಿನ ತಿಂಗಳಿನಿಂದ ಎತ್ತಿ, ಅದರ ಹಿಂದಿನ ತಿಂಗಳಿನಿಂದ ಎತ್ತಿ... ಆ ಹೆಸರಿನವರೆಲ್ಲ ಆಗ ದಮ್ಮಾಮಿನಲ್ಲೋ ದುಬೈಯಲ್ಲೋ ಮಂಗಳೂರಿನಲ್ಲೋ ಇದ್ದರು. ಬೇರೆ ಯಾರನ್ನಾದರೂ ಕೇಳುವ, ಅಲ್ಲಿ ಯಾರೂ ಇಲ್ಲ ಎಂದು ಆಗ ಹೇಳಬೇಕಿತ್ತು. ಒಳಗೆ ತಂಗಿ ಬಿಳಿಚಿಕೊಂಡು ಮಲಗಿದ್ದಳು. ಆಗಲೂ ನನ್ನ ಬಾಯಿ ತೆರೆಯಲಿಲ್ಲ.

ಆಸ್ಪತ್ರೆಯ ಅಂಗಳಕ್ಕೆ ಒಂದು ಜೀಪು ಬಂತು. ಸರ್ವಿಸ್ ಜೀಪು, ಹಿಂದೆ ಜನ ನೇತಾಡುತ್ತಿದ್ದರು. ಶರೀಫ್ ಮೊದಲು ಇಳಿದ. ಅವನ ಹಿಂದೆ ಇಳಿದವರ ಮೈಮೇಲೆ ಒಂದೇ ಬಣ್ಣದ ಬನಿಯನ್, ಬೆನ್ನಿಗೆ ನಂಬರು, ಮೊಣಕಾಲಿನಲ್ಲಿ ಕೆಂಪು ಮಣ್ಣು. ಅವರ ಊರಿನ ಯುವಕ ಮಂಡಲದ ವಾಲಿಬಾಲ್ ತಂಡ. ಆಟದ ನಡುವೆ ಶರೀಫ್ ಮೈದಾನಕ್ಕೆ ನುಗ್ಗಿ ನೆಟ್ಟಿನ ಕೆಳಗೆ ನಿಂತನಂತೆ. ಸಪೂರದ ಒಬ್ಬ, ದಿನೇಶ ಎಂದು ಹೆಸರು, ಕೈ ತೊಳೆಯುತ್ತಾ ತುಳುವಿನಲ್ಲಿ ತಮಾಷೆ ಮಾಡಿದ: ಗೆಲ್ಲುವ ಆಟ ಹಾಳು ಮಾಡಿದ ಬ್ಯಾರಿ, ಇವನ ರಕ್ತವನ್ನೇ ಮೊದಲು ಪೂರ್ತಿ ತೆಗೆಯಿರಿ ಎಂದ. ನರ್ಸಮ್ಮ ಸಹ ನಕ್ಕರು. ಆಮೇಲೆ ಅವರೆಲ್ಲ ತೋಳು ಚಾಚಿ ಸಾಲಾಗಿ ಬೆಂಚಿನಲ್ಲಿ ಕೂತರು — ಯಾರಿಗೆ ಎಂದು ಒಬ್ಬನೂ ಕೇಳಲಿಲ್ಲ. ನನ್ನ ತಂಗಿಯ ಹೆಸರು ಅವರಿಗೆ ಗೊತ್ತಿರಲಿಲ್ಲ. ನಾನು ಸುಳ್ಳು ಹೆಸರು ತುಂಬಿಸಿದ್ದ ಆ ಜಾಗಕ್ಕೆ ಶರೀಫ್ ಜೀವ ಇರುವ ಮನುಷ್ಯರನ್ನು ತಂದು ಕೂರಿಸಿದ್ದ.

ಇದ್ದಿನಬ್ಬಾಕ ಆಶ್ಚರ್ಯದಿಂದ, ನಿಮ್ಮ ಘಟಕದವರು ಎಲ್ಲಿ ಎಂದು ಅವನನ್ನು ಕೇಳಿದರು. ಶರೀಫ್ ಬೆಂಚಿನ ಕಡೆ ನೋಡಿದ.

‘ಸದ್ಯ ನನಗೆ ಇರುವುದು ಇವರೇ ಕಾಕ’ ಎಂದ.

ಇದ್ದಿನಬ್ಬಾಕ ಅದನ್ನು ವಿನಯದ ಮಾತು ಎಂದುಕೊಂಡರು. ಶರೀಫ್ ನನ್ನ ಮುಖ ನೋಡಿದ. ಗುಂಪು ಹೊಂದಿದವರ ರಕ್ತ ಏರಿಸಿದ ಮೇಲೆ, ಸಂಜೆಗೆ ಝೊಹರಾಳ ತುಟಿಗೆ ಬಣ್ಣ ಬಂತು. ಹೊರಡುವಾಗ ಅವನು ನನ್ನನ್ನು ಮೆಟ್ಟಿಲಿನ ಹತ್ತಿರ ಕರೆದು ಮೆಲ್ಲಗೆ ಹೇಳಿದ, ‘ಈ ಸಲವಾದರೂ ಹಾಕಿ ಬಶೀರಾಕ. ಒಬ್ಬನಿಗೆ ಆಗುವುದಿಲ್ಲ.’ ಹಾಕ್ತೇನೆ ಎಂದು ಅವನ ಕೈ ಹಿಡಿದುಕೊಂಡೆ.

ನಂತರದ ತಿಂಗಳು ಒಂದು ಪೊಟ್ಟಣ ಹಲ್ವ ಹಿಡಿದು ಅವನ ಊರಿಗೆ ಹೋದೆ. ಹೇಳದೆ ಹೋದೆ. ಅದು ಅವರ ಸಭೆಯ ದಿನ ಎಂಬುದು ನನಗೆ ನೆನಪಿರಲಿಲ್ಲ. ಸಂಜೆಯ ಮಗ್ರಿಬ್ ನಮಾಝ್ ಮುಗಿದು ಜನ ಚದುರಿದ್ದರು. ಮದ್ರಸದ ಕೋಣೆಯಲ್ಲಿ ದೀಪ ಇತ್ತು. ಕಿಟಕಿಯಿಂದ ನೋಡಿದೆ.

ಚಾಪೆಗಳೆಲ್ಲ ಹಾಸಿದ್ದವು, ಗೋಡೆಯಿಂದ ಗೋಡೆಗೆ, ಎಲ್ಲರೂ ಇದ್ದ ಕಾಲದಲ್ಲಿ ಹಾಸುತ್ತಿದ್ದ ಹಾಗೆ. ಎದುರಿಗೆ ಶರೀಫ್ ಒಬ್ಬನೇ. ಖಾಲಿ ಚಾಪೆಗಳಿಗೆ ಸಲಾಂ ಹೇಳಿದ. ಸ್ವಲಾತ್ ಹೇಳಿದ, ಅವಸರ ಇಲ್ಲದೆ. ಆಮೇಲೆ ಒಬ್ಬೊಬ್ಬರ ಹೆಸರು ಹಿಡಿದು ಮಾತಾಡಿದ — ಅಶ್ರಫ್, ನಿನ್ನ ಉಮ್ಮನ ಕಣ್ಣಿನ ಪಟ್ಟಿ ಬಿಚ್ಚಿದ್ದಾರೆ, ನೋಡಿ ಬಂದೆ. ಇಮ್ತಿಯಾಝ್, ನಿನ್ನ ಮನೆಯ ಹಂಚು ಸರಿ ಮಾಡಿಸಿದ್ದೇವೆ, ದಿನೇಶ ಬಂದಿದ್ದ. ಹೀಗೆ ಎಲ್ಲರ ಸರದಿ ಮುಗಿಯುವವರೆಗೆ. ದೂರದಲ್ಲಿರುವ ಎಲ್ಲರಿಗಾಗಿ ಕೈ ಎತ್ತಿ ದುವಾ ಮಾಡಿದ. ‘ಆಮೀನ್’ ಅನ್ನಲು ಯಾರೂ ಇರಲಿಲ್ಲ. ಅವನೇ ಅಂದ.

ನಾನು ದೊಡ್ಡ ದೊಡ್ಡ ಸಮ್ಮೇಳನಗಳಲ್ಲಿ ಕೂತಿದ್ದೇನೆ. ಅಂಥ ಒಂದು ಸಭೆಯನ್ನು ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಆ ಕೋಣೆ ತುಂಬಿತ್ತು.

ಅವನು ಚಾಪೆ ಮಡಚಿ, ಕಿಸೆಯಿಂದ ಮೊಬೈಲ್ ತೆಗೆದು ಒತ್ತಿದ. ನನ್ನ ಎದೆಯ ಕಿಸೆಯಲ್ಲಿ ಫೋನು ನಡುಗಿತು. ಒಂದು ಸಲ ನಡುಗಿ ನಿಂತಿತು.

ಅವನು ಒಂದು ದಿನವೂ ಸುಳ್ಳು ಮಿಸ್ ಕಾಲ್ ಕೊಟ್ಟಿರಲಿಲ್ಲ. ಸಭೆ ಪ್ರತಿ ತಿಂಗಳೂ ಆಗಿತ್ತು.

ಬಾಗಿಲು ಎರಡು ಹೆಜ್ಜೆಯಲ್ಲಿತ್ತು. ಒಳಗೆ ಹೋಗಿ ಒಂದು ಚಾಪೆ ಬಿಡಿಸಿ ಕೂತಿದ್ದರೆ ಸಾಕಿತ್ತು. ಹಲ್ವದ ಪೊಟ್ಟಣ ಹಿಡಿದುಕೊಂಡೇ ಕತ್ತಲಲ್ಲಿ ರಸ್ತೆಗೆ ಬಂದೆ. ಮರುದಿನ ಅಂಗಡಿ ತೆರೆದು ಹಸಿರು ಹಾಕಿದೆ. ರಕ್ತದಾನ ಎಂದು ಬರೆದಿದ್ದ ಕಡೆ, ವಾಲಿಬಾಲ್ ಆಡುತ್ತಿದ್ದ ಆ ಹುಡುಗರು ಕೊಟ್ಟದ್ದನ್ನು ನಮ್ಮ ಸದಸ್ಯರದ್ದು ಎಂದು ತುಂಬಿಸಿದೆ. ಯಾಕೆ? ಕೆಂಪು ಹಾಕಿದರೆ, ಇಷ್ಟು ಸಮಯ ಹಸಿರು ಹೇಗೆ ಇತ್ತು ಎಂದು ಯಾರಾದರೂ ಕೇಳುತ್ತಿದ್ದರು. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ನೋಡಿದ್ದೇನೆ. ಇಲ್ಲ.

ನಮ್ಮ ವಲಯಕ್ಕೆ ಮೊದಲ ಸ್ಥಾನ ಬಂತು. ಮರುವರ್ಷ ಶರೀಫನಿಗೂ ವೀಸಾ ಬಂದು ಅವನೂ ಹೋದ. ಮಿಸ್ ಕಾಲ್ ನಿಂತಿತು. ಆಗ ವಲಯದವರು ಅಲ್ಲಿಗೆ ಹೋಗಿ ನೋಡಿದರು. ಘಟಕವೇ ಇಲ್ಲ, ತುಂಬಾ ಸಮಯದಿಂದ ಇದ್ದವನು ಒಬ್ಬನೇ ಎಂದು ಊರವರು ಹೇಳಿದರು. ಪಾಣೆಮಂಗಳೂರಿನಲ್ಲಿ ಸಭೆ ಸೇರಿತು. ಬರೇ ಮಿಸ್ ಕಾಲಿನಲ್ಲಿ ನಮ್ಮನ್ನೆಲ್ಲ ಮಂಗ ಮಾಡಿದ ಎಂದು ಒಬ್ಬರು ಅಂದರು. ಇದ್ದಿನಬ್ಬಾಕನ ಮುಖ ಸಣ್ಣದಾಯಿತು. ನನ್ನ ಕಡೆ ತಿರುಗಿದರು.

‘ನಿನಗೆ ಗೊತ್ತಿತ್ತಾ ಬಶೀರ್?’

‘ಇಲ್ಲ ಕಾಕ.’

ಶರೀಫನ ಹೆಸರನ್ನು ಸಂಘಟನೆಯಿಂದ ತೆಗೆದರು. ಯಾರೋ ಅವನಿಗೆ ಅಲ್ಲಿಗೆ ತಿಳಿಸಿದರಂತೆ. ಅವನು ಯಾರಿಗೂ ಫೋನು ಮಾಡಲಿಲ್ಲ, ನನಗೂ ಮಾಡಲಿಲ್ಲ.

ಆ ವೆಬ್‌ಸೈಟ್ ಈಗ ಇಲ್ಲ. ಅಂಗಡಿಯೂ ಇಲ್ಲ. ಶರೀಫ್ ಊರಿಗೆ ಬಂದು ವರ್ಷಗಳಾದವು, ಪುತ್ತಿಗೆಯ ಹತ್ತಿರ ಒಂದು ಸಣ್ಣ ಚಪ್ಪಲಿ ಅಂಗಡಿ ಇಟ್ಟಿದ್ದಾನೆ. ಬಸ್ಸಿನ ಕಿಟಕಿಯಿಂದ ಅವನನ್ನು ಕಾಣುತ್ತೇನೆ, ಮುಖ ತಿರುಗಿಸುತ್ತೇನೆ. ಝೊಹರಾಳ ಆ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಮೊನ್ನೆ ಶಿಬಿರದಲ್ಲಿ ಮೊದಲ ಸಲ ರಕ್ತ ಕೊಟ್ಟು ಬಂದವಳು, ನಾನು ಹುಟ್ಟಿದ ದಿನ ಉಮ್ಮನಿಗೆ ಯಾರು ಕೊಟ್ಟದ್ದು ಮಾಮ ಎಂದು ಕೇಳಿದಳು. ಜೀಪು ಬಂದಲ್ಲಿಯವರೆಗೆ ಹೇಳಿದೆ. ಅವಳು ನನ್ನ ಮುಖ ನೋಡುತ್ತಾ ಕಾದಳು.

ಕಳೆದ ವಾರ ಪಾಣೆಮಂಗಳೂರಿಗೆ ಹೋಗಿ ಇದ್ದಿನಬ್ಬಾಕನಿಗೆ ಎಲ್ಲವನ್ನೂ ಹೇಳಿದೆ. ಅವರಿಗೆ ಈಗ ಕಣ್ಣು ಸರಿ ಕಾಣುವುದಿಲ್ಲ.

‘ಅವನ ಹತ್ತಿರ ಹೇಳಿದಿಯಾ?’

‘ಇಲ್ಲ.’

‘ಮತ್ತೆ ನನ್ನ ಹತ್ತಿರ ಯಾಕೆ ಬಂದೆ?’

ಅವರು ಕೇಳಿದ್ದು ಸರಿ. ಶರೀಫ್ ಕ್ಷಮಿಸುತ್ತಾನೋ ಇಲ್ಲವೋ, ಅದನ್ನು ಊಹಿಸುವ ಹಕ್ಕು ನನಗಿಲ್ಲ. ಅಂದು ನಾನು ಕೊಡದೆ ಉಳಿಸಿಕೊಂಡದ್ದನ್ನು ಇಲ್ಲಿ, ಎಲ್ಲರೂ ಓದುವ ಹಾಗೆ, ಕೊಡುತ್ತಿದ್ದೇನೆ. ಆ ವರ್ಷ, ಆ ಊರಿನ ಘಟಕದ ಬಣ್ಣ ಕೆಂಪು. ಕೆಂಪು ಬಿದ್ದರೆ ಯಾರಾದರೂ ಅಲ್ಲಿಗೆ ಹೋಗಿ ಅವರ ಜೊತೆ ಕೂರಬೇಕು ಎಂಬುದು ನಿಯಮ. ನಾಳೆ ವೇಣೂರಿನ ದಾರಿಯ ಬಸ್ಸು ಹಿಡಿದು, ಪುತ್ತಿಗೆಯಲ್ಲಿ ಅವನ ಅಂಗಡಿಯ ಹತ್ತಿರ ಇಳಿಯುತ್ತೇನೆ.