ಐದನೇ ಜ್ವರ

ಶಕುನ, ಸೂಚನೆ ಅಂತ ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಬಿ.ಎಸ್ಸಿ. ಓದಿ ರೇಷ್ಮೆಹುಳು ಸಾಕುವವಳು, ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವವಳು. ಈಗ ಹೇಳಹೊರಟಿರುವುದೂ ಕಣ್ಣಿಗೆ ಕಂಡದ್ದೇ. ನೀವು ನಕ್ಕರೂ ಸರಿ, ಹೇಳಿಯೇ ಬಿಡುತ್ತೇನೆ!

ಮೂರು ವರ್ಷವಾಯಿತು. ನನ್ನ ತಮ್ಮ ರಘು ಬಿಡದಿಯಲ್ಲಿ ಗೂಡ್ಸ್ ಗಾಡಿ ಓಡಿಸುತ್ತಿದ್ದ. ಅಲ್ಲೇ ಹೆರಾಯಿನ್ ಚಟಕ್ಕೆ ಬಿದ್ದ. ಗೊತ್ತಾದ ದಿನವೇ ಚನ್ನಪಟ್ಟಣದ ಹತ್ತಿರದ ನಮ್ಮೂರಿಗೆ ಎಳೆದು ತಂದೆವು. ಆಸ್ಪತ್ರೆಗೆ ಹೋದರೆ ಮರ್ಯಾದೆ ಹೋಗುತ್ತದೆಂದು ಮನೆಯಲ್ಲೇ ಇಟ್ಟುಕೊಂಡೆವು. ಮರುದಿನವೇ ಶುರುವಾಯಿತು ನೋಡಿ, ಬಿಟ್ಟೂಬಿಡದ ಆಕಳಿಕೆ, ಕಣ್ಣು ಮೂಗಲ್ಲೆಲ್ಲ ನೀರು, ವಾಂತಿ, ಭೇದಿ, ಕಾಲುಸೆಳೆತ. ಗೋಡೆಗೆ ತಲೆ ಚಚ್ಚಿಕೊಂಡು ಅಳುತ್ತಿದ್ದ.

ರೇಷ್ಮೆಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ತಿನ್ನುವುದು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ನಿಂತು ಪೊರೆ ಕಳಚುತ್ತದೆ. ನಮ್ಮ ಕಡೆ ಅದನ್ನು ಜ್ವರ ಅನ್ನುತ್ತೇವೆ. ಆಗ ಮುಟ್ಟುವಂತಿಲ್ಲ, ತಾನಾಗಿಯೇ ಏಳಬೇಕು. ಅವ್ವ ರಘುವನ್ನೂ ಹಾಗೇ ನೋಡಿಕೊಂಡಳು. ಹತ್ತನೇ ದಿನ ಅವನು ಎದ್ದು ಮುದ್ದೆ ಉಂಡಾಗ, "ಜ್ವರ ಎದ್ಬುಟ್ಟ ಕಣವ್ವ, ಇನ್ನೇನೂ ಭಯ ಇಲ್ಲ!" ಎಂದು ಕುಣಿದಾಡಿದಳು. ನಾನೂ ನಂಬಿದೆ. ಎಂಥ ತಪ್ಪು!

ಆಮೇಲೆ ಮೂರು ದಿನಕ್ಕೆ, ಬೆಳಗ್ಗೆ ಹತ್ತು ಗಂಟೆ. ಅವ್ವ ಸಂತೆಗೆ ಹೋಗಿದ್ದಳು. ನಾನು ತೋಟದ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದೆ. ನಾಲ್ಕನೇ ಜ್ವರ ಎದ್ದ ಹುಳುಗಳು ಮಳೆ ಸುರಿದಂತೆ ಚರಚರ ತಿನ್ನುತ್ತಿದ್ದವು. ಇದ್ದಕ್ಕಿದ್ದಂತೆ ಸದ್ದು ನಿಂತಿತು. ನೋಡುತ್ತೇನೆ, ಈ ತುದಿಯಿಂದ ಆ ತುದಿಯವರೆಗೆ ಅಷ್ಟೂ ಹುಳು ತಲೆ ಎತ್ತಿ ನಿಂತಿವೆ! ಐದನೇ ಜ್ವರ ಅನ್ನುವುದೇ ಇಲ್ಲ ಸ್ವಾಮಿ. ಸೊಪ್ಪಿಗೆ ಕೀಟನಾಶಕ ಔಷಧಿ ತಾಗಿದೆ, ಬೆಳೆ ಹೋಯಿತು ಅಂದುಕೊಂಡೆ. ಚಿಕ್ಕಂದಿನಿಂದ ಹುಳುವಿನ ಜೊತೆಗೇ ಬೆಳೆದ ರಘುವನ್ನು ಕರೆತರಲು ಮನೆಗೆ ಓಡಿದೆ.

ಕೋಣೆಗೆ ಒಳಗಿನಿಂದ ಚಿಲಕ. "ಲೇ ರಘು, ಹುಳ ಎಲ್ಲಾ ನಿಂತೋಗವೆ, ಬೇಗ ಬಾರ್ಲಾ!" ಎಂದು ಬಾಗಿಲು ಬಡಿದೆ. ಕಿಟಕಿಯಲ್ಲಿ ಇಣುಕಿದರೆ ನೆಲದ ಮೇಲೆ ಬಿದ್ದಿದ್ದಾನೆ. ತುಟಿ ನೀಲಿ, ಪಕ್ಕದಲ್ಲಿ, ಇಷ್ಟು ದಿನ ಎಲ್ಲೋ ಬಚ್ಚಿಟ್ಟಿದ್ದ ಹೆರಾಯಿನ್ ಪೊಟ್ಟಣ. ನನ್ನ ಕಿರುಚಾಟಕ್ಕೆ ಪಕ್ಕದ ಮನೆಯವರು ಬಂದು ಬಾಗಿಲು ಒಡೆದರು. ಆಂಬುಲೆನ್ಸ್‌ನವರು ಉಸಿರು ಕೊಡುತ್ತಲೇ ಆಸ್ಪತ್ರೆ ಮುಟ್ಟಿಸಿದರು. ಅಲ್ಲಿ ಒಂದು ಇಂಜೆಕ್ಷನ್ ಕೊಟ್ಟರು ನೋಡಿ, ಎರಡೇ ನಿಮಿಷ, ಜೋರಾಗಿ ಉಸಿರೆಳೆದು ಕಣ್ಣು ಬಿಟ್ಟ!

ಡಾಕ್ಟರಮ್ಮ ಚೆನ್ನಾಗಿ ಬೈದರು. "ಮೈ ನೋವು ಇಳಿದ ಮಾತ್ರಕ್ಕೆ ಕಾಯಿಲೆ ಹೋಯ್ತಾ? ಆಸೆ ಹಾಗೇ ಇರುತ್ತೆ, ಮೈಗೆ ಅದನ್ನ ತಡ್ಕೊಳ್ಳೋ ಶಕ್ತಿ ಮಾತ್ರ ಕಮ್ಮಿಯಾಗಿರುತ್ತೆ. ಬಿಟ್ಟ ಮೇಲೆ ಮತ್ತೆ ಹಳೇ ಅಳತೆಯಲ್ಲೇ ತಗೊಂಡ್ರೆ ಪ್ರಾಣವೇ ಹೋಗುತ್ತೆ. ಇನ್ನು ಸ್ವಲ್ಪ ತಡವಾಗಿದ್ರೆ ಇವನು ಇರ್ತಿರ್ಲಿಲ್ಲ." ನಿಜವಾದ ಚಿಕಿತ್ಸೆ ಶುರುವಾದದ್ದು ಅಲ್ಲಿಂದಲೇ. ನಾಲಿಗೆ ಕೆಳಗಿಡುವ ಮಾತ್ರೆ, ಜೊತೆಗೆ ಕೌನ್ಸೆಲಿಂಗ್. ವರ್ಷಗಟ್ಟಲೆ ಬೇಕಾಗಬಹುದಂತೆ. ಬೇಕಾಗಲಿ ಬಿಡಿ, ತಮ್ಮ ಬದುಕಿದ್ದಾನೆ!

ಅಂದು ಸಂಜೆ ತೋಟಕ್ಕೆ ಹೋದರೆ ಹುಳುಗಳು ಏನೂ ಆಗಿಲ್ಲವೆಂಬಂತೆ ತಿನ್ನುತ್ತಿದ್ದವು. ಒಂದೂ ಸತ್ತಿರಲಿಲ್ಲ. ರೇಷ್ಮೆ ಬಲ್ಲವರನ್ನೆಲ್ಲ ಕೇಳಿದೆ, ನಾಲ್ಕನೇ ಜ್ವರ ಎದ್ದ ಮೇಲೆ ಹಾಗೆ ಒಟ್ಟಿಗೆ ನಿಲ್ಲುವುದೇ ಇಲ್ಲ ಎಂದರು. "ಒಡಹುಟ್ಟಿದ ಕರುಳು ಕಣವ್ವ, ಅವನ್ಗೆ ಆಗಿದ್ದು ಇವಳ್ಗೆ ಗೊತ್ತಾಗ್ಬುಡ್ತು" ಎಂದು ಅವ್ವ ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಕೇಳಿದಾಗಲೆಲ್ಲ ನನಗೆ ನಾಚಿಕೆ. ನನಗೇನೂ ಗೊತ್ತಾಗಿರಲಿಲ್ಲ. ಅವನಿಗೆ ಏನಾದರೂ ಆಗಿರಬಹುದೆಂಬ ಯೋಚನೆಯೇ ಬಂದಿರಲಿಲ್ಲ. ಅವತ್ತು ನಾನು ಓಡಿದ್ದು ಹುಳುವಿಗಾಗಿ.