ಹೋಮ್‌ವರ್ಕಿಗೂ ಮುಯ್ಯಾಳು

ಮೊದಲ ಸೆಮಿಸ್ಟರಿನ ಮೊದಲ ಕ್ಲಾಸಿನಲ್ಲಿ ನಾನು ಪಾಠ ಮಾಡುವುದಿಲ್ಲ. ಒಂದು ಹಾಳೆ ಹಂಚುತ್ತೇನೆ. ಅದರಲ್ಲಿ ನನ್ನ ಕ್ಯಾಲ್ಕುಲಸ್ ಕ್ಲಾಸಿನ ನಿಯಮಗಳಿರುತ್ತವೆ. ಬೆಲ್ ಹೊಡೆದ ಮೇಲೆ ಬಾಗಿಲು ಹಾಕುತ್ತೇನೆ. ಬಸ್ಸು ಲೇಟಾಯಿತೆಂಬ ಕಥೆಯನ್ನು ಕಿಟಕಿಯಿಂದಲೂ ಕೇಳುವುದಿಲ್ಲ. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರುವಂತಿಲ್ಲ. ಟೆಸ್ಟ್ ತಪ್ಪಿಸಿಕೊಂಡವರಿಗೆ ಇನ್ನೊಂದು ಟೆಸ್ಟ್ ಇಲ್ಲ. ಪ್ರತಿ ಸೋಮವಾರ ಹೋಮ್‌ವರ್ಕ್ ನನ್ನ ಮೇಜಿನ ಮೇಲಿರಬೇಕು. ಕಾಪಿ ಹೊಡೆದರೆ ಸೊನ್ನೆ. ಹೊಡೆದವರಿಗೂ ಸೊನ್ನೆ, ತೋರಿಸಿದವರಿಗೂ ಸೊನ್ನೆ. ಅರ್ಥವಾಗದಿದ್ದರೆ ಎಷ್ಟು ಸಲ ಬೇಕಾದರೂ ಕೇಳಬಹುದು. ಈ ಹಾಳೆಯ ದೆಸೆಯಿಂದ ಶಿಡ್ಲಘಟ್ಟದ ನಮ್ಮ ಡಿಗ್ರಿ ಕಾಲೇಜಿನಲ್ಲಿ ನನಗೆ ರೂಲ್ಸ್ ಮೇಡಂ ಎಂಬ ಹೆಸರು ಬಿದ್ದಿದೆ. ಇದಕ್ಕಿಂತ ಕೆಟ್ಟ ಹೆಸರುಗಳು ಸಹೋದ್ಯೋಗಿಗಳಿಗೆ ಬಿದ್ದಿರುವುದರಿಂದ ನಾನು ಸುಮ್ಮನಿದ್ದೇನೆ.

ನನ್ನ ಈ ಬಿಗಿಗೆ ಕಾರಣವಿದೆ. ಪ್ರತಿ ವರ್ಷ ಎರಡನೇ ಸೆಮಿಸ್ಟರ್ ಶುರುವಾಗುವಷ್ಟರಲ್ಲಿ ಹಿಂದಿನ ಬೆಂಚುಗಳು ಖಾಲಿಯಾಗಿರುತ್ತವೆ. ಯಾವುದರಲ್ಲಿ ಫೇಲು ಎಂದು ಕೇಳುವುದೇ ಬೇಡ, ಕ್ಯಾಲ್ಕುಲಸ್. ಹುಡುಗರು ಗೂಡ್ಸ್ ಟೆಂಪೋ ಓಡಿಸಲು ಹೋಗುತ್ತಾರೆ, ಹುಡುಗಿಯರು ಮನೆಯಲ್ಲಿ ಉಳಿಯುತ್ತಾರೆ. ಚಿಂತಾಮಣಿಯಿಂದ ಬಸ್ಸಿನಲ್ಲಿ ಬರುವಾಗ ಅಂಥವರಲ್ಲಿ ಒಬ್ಬರಾದರೂ ಸಿಕ್ಕಿ, ‘ಚೆನ್ನಾಗಿದೀರಾ ಮೇಡಂ’ ಎಂದು ಎದ್ದು ಸೀಟು ಬಿಟ್ಟುಕೊಡುತ್ತಾರೆ. ಆ ಸೀಟಿನಲ್ಲಿ ಕೂರಲು ನನಗೆ ಮನಸ್ಸೇ ಬರುವುದಿಲ್ಲ. ಕನಿಕರ ತೋರಿಸಿ ಇಂಟರ್ನಲ್ಸಿನಲ್ಲಿ ಅಂಕ ಹಾಕಿದ ಮೇಡಂಗಳು ಇವರಿಗೂ ಇದ್ದರು. ಆ ಅಂಕ ಇವರನ್ನು ಎಲ್ಲಿಗೂ ಕರೆದೊಯ್ಯಲಿಲ್ಲ.

ಆ ವರ್ಷದ ಕ್ಲಾಸಿನಲ್ಲಿ ಸಾದಲಿ ಕಡೆಯ, ರೇಷ್ಮೆ ಸಾಕುವ ಮನೆಯ ಒಬ್ಬ ಹುಡುಗಿ ಇದ್ದಳು. ಮೊದಲ ಬೆಂಚು. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವಳು, ಆದರೂ ಇಂಗ್ಲಿಷ್ ಪುಸ್ತಕವನ್ನು ಕೆದಕಿ ಕೆದಕಿ ಪ್ರಶ್ನೆ ತರುತ್ತಿದ್ದಳು. ಮುಂದೆ ಏನು ಮಾಡುತ್ತೀಯೆಂದು ಕೇಳಿದಾಗ, ‘ಲೆಕ್ಕದ ಮೇಡಂ ಆಗ್ಬೇಕು ಮೇಡಂ, ಆದ್ರೆ ಅಪ್ಪ ಒಂದು ಸೆಮಿಸ್ಟರ್ ನೋಡೋಣ ಅಂದವ್ರೆ. ಕ್ಯಾಲ್ಕುಲಸ್ ಪಾಸಾದ್ರೆ ಕಾಲೇಜು, ಇಲ್ಲಾಂದ್ರೆ ಹುಳ ಮೇಯಿಸ್ಕೊಂಡು ಮನೇಲಿರು ಅಂದವ್ರೆ’ ಎಂದಳು. ದೂರು ಹೇಳುವ ದನಿಯಲ್ಲಿ ಹೇಳಲಿಲ್ಲ, ಬಸ್ಸಿನ ಟೈಮ್ ಹೇಳಿದ ಹಾಗೆ ಹೇಳಿದಳು. ಈ ಹುಡುಗಿಯನ್ನು ಬಿಟ್ಟುಕೊಡಬಾರದೆಂದು ನಾನು ಅವತ್ತೇ ಗಟ್ಟಿ ಮಾಡಿಕೊಂಡೆ.

ಲಿಮಿಟ್ ಪಾಠದ ಹೋಮ್‌ವರ್ಕ್ ತಿದ್ದುತ್ತಿದ್ದ ದಿನ ನನ್ನ ಪಿತ್ತ ನೆತ್ತಿಗೇರಿತು. ವರ್ಗಮೂಲ ಇರುವ ಒಂದು ಲೆಕ್ಕ. ಮೇಲೆ ಕೆಳಗೆ ಒಂದೇ ಪದದಿಂದ ಗುಣಿಸಿ, ವರ್ಗಮೂಲವನ್ನು ಬಿಡಿಸಿಕೊಳ್ಳಬೇಕು. ನಾಲ್ಕು ಹಾಳೆಗಳಲ್ಲಿ ಮೂರನೇ ಸಾಲಿನ ಕೂಡುವ ಚಿಹ್ನೆ ಕಳೆಯುವ ಚಿಹ್ನೆಯಾಗಿತ್ತು. ಐದನೇ ಸಾಲಿನಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಮತ್ತೆ ಕೂಡುವ ಚಿಹ್ನೆಯಾಗಿ, ಉತ್ತರ ಸರಿಯಾಗಿಯೇ ಬಂದಿತ್ತು. ಒಬ್ಬರು ಹೀಗೆ ತಪ್ಪುವುದು ಸಹಜ; ನಾಲ್ವರು ಒಂದೇ ಗುಂಡಿಗೆ ಬಿದ್ದು ಒಂದೇ ಕಡೆ ಎದ್ದು ಬರುವುದಿಲ್ಲ. ನಾಲ್ಕರಲ್ಲಿ ಒಂದು ಹಾಳೆ ಸಾದಲಿಯ ಹುಡುಗಿಯದು.

ಕ್ಲಾಸಿನಲ್ಲಿ ನಾಲ್ವರನ್ನೂ ನಿಲ್ಲಿಸಿ, ‘ಯಾರದನ್ನು ನೋಡಿ ಯಾರು ಬರೆದಿರಿ?’ ಎಂದು ಗದರಿದೆ. ಕಾಪಿ ಹೊಡೆದವರು ತಲೆ ತಗ್ಗಿಸುವುದನ್ನು ಇಷ್ಟು ವರ್ಷ ನೋಡಿದ್ದೇನೆ. ಇವರು ತಗ್ಗಿಸಲಿಲ್ಲ.

‘ಇವಳು ಬರೆದಿದ್ದು ಮೇಡಂ, ನಮ್ಮ ನಾಲ್ಕು ಜನಕ್ಕೂ ಇವಳೇ ಮಾಡಿದ್ದು,’ ಎಂದು ಸಾದಲಿಯ ಹುಡುಗಿ ಪಕ್ಕದವಳನ್ನು ತೋರಿಸಿದಳು. ‘ನಮ್ಮನೇಲಿ ಹುಳ ಹಣ್ಣಾಗಿದ್ವು, ಇವರಿಬ್ಬರೂ ಅಲ್ಲಿಗೇ ಬಂದಿದ್ರು. ಈ ವಾರದ್ದು ನಾನು ಮಾಡ್ಕೊಡ್ತೀನಿ. ಮುಯ್ಯಿ ಅಲ್ವಾ ಮೇಡಂ?’

ಇಡೀ ಕ್ಲಾಸು ಹೌದಲ್ಲ ಎನ್ನುವಂತೆ ನನ್ನ ಮುಖ ನೋಡಿತು. ಇದರಲ್ಲಿ ತಪ್ಪೇನಿದೆ ಎಂದು ಅವರಿಗೆ ನಿಜವಾಗಿಯೂ ಹೊಳೆದಿರಲಿಲ್ಲ.

ರೇಷ್ಮೆ ಸಾಕದವರಿಗೆ ಇದನ್ನು ಸ್ವಲ್ಪ ಹೇಳಬೇಕು. ಸೊಪ್ಪು ತಿಂದು ತಿಂದು ಬೆಳೆದ ಹುಳು ಒಂದು ದಿನ ತಿನ್ನುವುದನ್ನು ಬಿಟ್ಟು ಹಳದಿ ತಿರುಗುತ್ತದೆ. ಅದನ್ನೇ ಹಣ್ಣಾಗುವುದು ಅನ್ನುತ್ತಾರೆ. ಆಗ ಒಂದೊಂದೇ ಹುಳವನ್ನು ಕೈಯಲ್ಲಿ ಆರಿಸಿ, ಬಿದಿರಿನ ಚಂದ್ರಿಕೆಗೆ ಬಿಡಬೇಕು. ಗೂಡು ಕಟ್ಟುವುದು ಅಲ್ಲಿ. ತಡವಾದರೆ ಅವು ಕಾಯುವುದಿಲ್ಲ, ಸೊಪ್ಪಿನ ಕಡ್ಡಿ, ಕಸದ ನಡುವೆಯೇ ಗೂಡು ಕಟ್ಟಿಬಿಡುತ್ತವೆ. ಅಂಥ ಗೂಡು ಕೊಳೆಯಾಗಿರುತ್ತದೆ, ಮಾರ್ಕೆಟ್ಟಿನಲ್ಲಿ ಯಾರೂ ಮೂಸುವುದಿಲ್ಲ. ಅದಕ್ಕೇ ಆ ದಿನ ಅಕ್ಕಪಕ್ಕದ ಮನೆಯವರೆಲ್ಲ ಬಂದು ಕೈ ಹಾಕುತ್ತಾರೆ. ಕೂಲಿ ಯಾರೂ ಕೇಳುವುದಿಲ್ಲ. ಅವರ ಮನೆಯಲ್ಲಿ ಹಣ್ಣಾದಾಗ ಇವರು ಹೋಗುತ್ತಾರೆ. ಇದು ಮುಯ್ಯಿ, ಹಾಗೆ ಬಂದವರು ಮುಯ್ಯಾಳು. ಮುಯ್ಯಿಗೆ ಹೋಗದೆ ತಪ್ಪಿಸಿಕೊಂಡವರ ಮನೆಯ ಹೆಸರು ಊರಲ್ಲಿ ಕೆಡುತ್ತದೆ. ಈ ಮಕ್ಕಳು ಅದನ್ನೇ ಕ್ಯಾಲ್ಕುಲಸ್ಸಿಗೂ ತಂದಿದ್ದರು, ಬಹಳ ನಿಯತ್ತಿನಿಂದ.

ಅವರ ನಿಯತ್ತು ನೋಡಿ ನನಗೆ ನಗು ಬಂತು, ಸಿಟ್ಟೂ ಇಳಿಯಲಿಲ್ಲ. ನಾಲ್ವರಿಗೂ ಸೊನ್ನೆ ಹಾಕಿದೆ.

ಸಾದಲಿಯ ಹುಡುಗಿ ಅಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ‘ಹಂಗಾದ್ರೆ ಹುಳ ಹಣ್ಣಾದಾಗ ನಾವು ಏನ್ ಮಾಡ್ಬೇಕು ಮೇಡಂ? ನಿಮ್ಮ ಹಾಳೇಲಿ ಅದು ಇಲ್ವಲ್ಲ,’ ಎಂದಳು.

ಹಾಳೆ ತೆಗೆದು ನೋಡಿದೆ, ನಿಜ, ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬರು, ‘ಪಾಪ, ಹಳ್ಳಿ ಹುಡುಗಿ, ಒಂದಷ್ಟು ಅಂಕ ಹಾಕಿ ಕಳಿಸಿ ಮೇಡಂ’ ಎಂದರು. ಇನ್ನೊಬ್ಬರು, ‘ಇವರಿಗೆಲ್ಲ ಬಿಎಸ್ಸಿ ಯಾಕೆ ಬೇಕಿತ್ತು’ ಎಂದರು. ಇಬ್ಬರ ಮೇಲೂ ನನಗೆ ಒಂದೇ ಅಳತೆಯ ಸಿಟ್ಟು ಬಂತು. ಮನೆಗೆ ಹೋಗಿ ಪಾತ್ರೆ ಕುಕ್ಕಿದ ಸದ್ದಿಗೆ ನಮ್ಮಮ್ಮ, ‘ಎವರಿ ಮೀದ ಇಂತ ಕೋಪಂ?’ ಎಂದು ತೆಲುಗಿನಲ್ಲಿ ವಿಚಾರಿಸಿದರು. ಯಾರ ಮೇಲೆ ಕೋಪ ಎಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಮುಂದಿನ ಸೋಮವಾರ ಕ್ಲಾಸಿನಲ್ಲಿ ಹೇಳಿದೆ: ‘ಮುಯ್ಯಿಗೆ ಬಂದವರು ನಿಮ್ಮ ಹುಳ ಆರಿಸಿಕೊಡ್ತಾರೆ. ಆದ್ರೆ ನಿಮ್ಮ ಹುಳದ ಬದಲು ಅವರೇ ಸೊಪ್ಪು ತಿಂತಾರಾ?’ ಕ್ಲಾಸು ಗೊಳ್ಳೆಂದಿತು. ‘ಹಾಗೇ ಲೆಕ್ಕ. ತಿನ್ನೋದು ನೀವೇ ತಿನ್ನಬೇಕು.’ ಆಮೇಲೆ ಹಾಳೆಗೆ ಒಂದು ನಿಯಮ ಸೇರಿಸಿದೆ. ಮನೆಯಲ್ಲಿ ಹುಳು ಹಣ್ಣಾದವರು ಹೋಮ್‌ವರ್ಕನ್ನು ತಡವಾಗಿ ಕೊಡಬಹುದು. ಗೆಳತಿಯರು ಪಕ್ಕದಲ್ಲಿ ಕೂತು ಹೇಳಿಕೊಡಬಹುದು, ಅದಕ್ಕೆ ಮುಯ್ಯಿಯನ್ನೂ ತೀರಿಸಿಕೊಳ್ಳಬಹುದು. ಆದರೆ ತಡವಾಗಿ ಕೊಡುವವರು ಕಾಗದದಲ್ಲಿ ಕೊಡುವಂತಿಲ್ಲ. ಎಲ್ಲರ ಮುಂದೆ ಬೋರ್ಡಿನ ಮೇಲೆ ಮಾಡಿ ತೋರಿಸಬೇಕು, ಹೇಳಿಕೊಟ್ಟವರು ಬಾಯಿ ಮುಚ್ಚಿಕೊಂಡಿರಬೇಕು. ಹಾಕಿದ ಸೊನ್ನೆಯನ್ನು ಮಾತ್ರ ಅಳಿಸುವುದಿಲ್ಲ.

ಮನೆಯಲ್ಲಿ ಮುಂದಿನ ಬೆಳೆ ಹಣ್ಣಾಗಿ ಹೋಮ್‌ವರ್ಕ್ ತಡವಾದಾಗ ಮೊದಲು ಎದ್ದು ಬಂದವಳು ಸಾದಲಿಯ ಹುಡುಗಿಯೇ. ಅಷ್ಟು ಹೊತ್ತಿಗೆ ಡಿರೈವೇಟಿವ್ ಪಾಠ ನಡೆಯುತ್ತಿತ್ತು. ವರ್ಗಮೂಲದ ಡಿರೈವೇಟಿವ್ ಅವಳಿಗೆ ಬಾಯಿಪಾಠ. ‘ಸೂತ್ರ ಬೇಡ, ಬುಡದಿಂದ ತೋರಿಸು’ ಎಂದೆ. ಎರಡು ಸಾಲು ಬರೆದು ನಿಂತಳು. ಮುಂದಿನ ಹೆಜ್ಜೆ ಅವಳು ಬೇರೆಯವರಿಗೆ ಬಿಟ್ಟಿದ್ದ ವಾರದ ಪಾಠದಲ್ಲಿತ್ತು. ಅದನ್ನು ಮಾಡಿಕೊಟ್ಟವಳು ಮೊದಲ ಬೆಂಚಿನಲ್ಲಿ ತುಟಿ ಕಚ್ಚಿಕೊಂಡು ಕೂತಿದ್ದಳು. ಬೋರ್ಡಿನ ಮುಂದೆ ನಿಂತ ಹುಡುಗಿಯ ಕಿವಿ ಕೆಂಪಾಯಿತು, ಕಣ್ಣು ತುಂಬಿತು. ನಾನು ಒಂದಕ್ಷರವೂ ಹೇಳಿಕೊಡಲಿಲ್ಲ. ಹೇಳಿಕೊಡದೆ ಕೂರುವುದು ನನಗೂ ಸುಲಭವಿರಲಿಲ್ಲ, ಮೇಜಿನ ಅಂಚನ್ನು ಹಿಡಿದುಕೊಂಡಿದ್ದೆ.

‘ನಾಳೆ ಮಾಡ್ತೀನಿ ಮೇಡಂ,’ ಎಂದು ಸೀಮೆಸುಣ್ಣ ಇಟ್ಟು ಹೋದಳು.

ಮಾರನೆಯ ದಿನ ಒಂದು ಸಾಲು ಮುಂದೆ ಹೋಗಿ ನಿಂತಳು. ಅದರಾಚೆಯ ದಿನ ಪೂರ್ತಿ ಮಾಡಿದಳು. ಯಾಕೆ ಹಾಗೆ ಗುಣಿಸಿದೆ ಎಂದು ಕೇಳಿದರೆ ತಡವರಿಸಿದಳು, ಅದಕ್ಕೆ ಮತ್ತೆ ಕೂರಿಸಿದೆ. ಬೆಲ್ಲಿಗೆ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತು ನಾಲ್ವರೂ ಕಿತ್ತಾಡುತ್ತಿದ್ದರು. ‘ಹಂಗಲ್ಲ ಕಣೇ, ಆ ಮೈನಸ್ ಎಲ್ಲಿಂದ ಬಂತು ಹೇಳು ನೋಡಣ,’ ಎಂದು ಒಬ್ಬಳು ಇನ್ನೊಬ್ಬಳನ್ನು ದಬಾಯಿಸುತ್ತಿದ್ದುದು ಕೇಳಿಸಿತು. ಆ ಮಾತು ನನ್ನದೇ, ದನಿಯೂ ನನ್ನದೇ. ಕೇಳದವಳಂತೆ ದಾಟಿ ಹೋದೆ.

ಪರೀಕ್ಷೆಗೆ ಮೊದಲು ಅವಳ ಅಪ್ಪ ಕಾಲೇಜಿಗೆ ಬಂದರು. ಇಂಟರ್ನಲ್ಸಿನಲ್ಲಿ ಸೊನ್ನೆ ಬಿದ್ದ ವಿಷಯ ಮನೆಗೆ ಮುಟ್ಟಿತ್ತು. ಕೂರಿ ಎಂದರೂ ಕೂರಲಿಲ್ಲ, ಮಗಳು ಬೆನ್ನ ಹಿಂದೆ ನಿಂತಿದ್ದಳು. ‘ಮೇಡಂ, ಒಬ್ಬರಿಗೊಬ್ಬರು ಆದ್ರೆ ಅದು ತಪ್ಪಾ? ನಮ್ಮೂರಲ್ಲಿ ಹಂಗೆ ಮಾಡ್ದೇ ಇದ್ರೆ ತಪ್ಪು. ಆ ಸೊನ್ನೆ ತೆಗೀರಿ. ಇಲ್ಲಾಂದ್ರೆ ಇವಳು ಪಾಸಾಗಲ್ಲ, ಸುಮ್ನೆ ಯಾಕೆ ಬರೆಸೋದು, ಈಗ್ಲೇ ಕರ್ಕೊಂಡು ಹೋಗ್ತೀನಿ,’ ಎಂದರು.

ಪೆನ್ನು ನನ್ನ ಕೈಯಲ್ಲೇ ಇತ್ತು. ಒಂದು ಗೀಟು ಎಳೆದರೆ ಹುಡುಗಿ ಉಳಿಯುತ್ತಾಳೆ. ಹೇಗೆ ಉಳಿಯುತ್ತಾಳೆ, ಎಲ್ಲಿಯವರೆಗೆ ಉಳಿಯುತ್ತಾಳೆ ಎಂದೂ ನನಗೆ ಗೊತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು ಮುಂದೆ ಬಂದಳು.

‘ಬೇಡಪ್ಪ. ಸೊನ್ನೆ ಇರ್ಲಿ. ಅವತ್ತು ನಂಗೆ ಏನೂ ಬರ್ತಿರ್ಲಿಲ್ಲ, ಅದಕ್ಕೆ ಸೊನ್ನೆ. ಈಗ ಬರ್ತದೆ.’

‘ಪಾಸಾಗದೇ ಹೋದ್ರೆ?’

‘ಮನೇಲಿರ್ತೀನಿ. ಆದ್ರೆ ಬರೆದೇ ಬರ್ತೀನಿ.’

ಅವರು ಮಗಳ ಮುಖವನ್ನೂ ನನ್ನ ಮುಖವನ್ನೂ ನೋಡಿದರು. ಇಬ್ಬರಲ್ಲಿ ಯಾರು ಹೆಚ್ಚು ಹಟಮಾರಿ ಎಂದು ತೂಗುತ್ತಿದ್ದರೋ ಏನೋ. ‘ನೋಡಣ’ ಎಂದಷ್ಟೇ ಹೇಳಿ ಹೊರಟರು. ಗೇಟು ದಾಟಿದ್ದು ಅವರೊಬ್ಬರೇ ಎಂದು ಖಾತ್ರಿ ಮಾಡಿಕೊಂಡೇ ನಾನು ಪೆನ್ನು ಮುಚ್ಚಿದೆ.

ಕ್ಯಾಲ್ಕುಲಸ್ ಪರೀಕ್ಷೆಯ ಬೆಳಿಗ್ಗೆ ನಾನು ಗೇಟಿನ ಹತ್ತಿರವೇ ಇದ್ದೆ. ಮಕ್ಕಳೆಲ್ಲ ಒಬ್ಬೊಬ್ಬರಾಗಿ ಬಂದರು. ಅವಳ ಮೂವರು ಗೆಳತಿಯರೂ ಬಂದರು, ಆದರೆ ಅವಳಿಲ್ಲ. ಎಲ್ಲಿ ಎಂದು ಕೇಳಿದೆ.

‘ನಿನ್ನೆ ಸಾಯಂಕಾಲದಿಂದ ಅವರ ಮನೇಲಿ ಹುಳ ಹಣ್ಣಾಗ್ತಾ ಅವೆ ಮೇಡಂ,’ ಎಂದಳು ಒಬ್ಬಳು. ‘ಅವರ ಊರಲ್ಲಿ ಎಲ್ಲರ ಮನೇಲೂ ಒಂದೇ ಸಲ ಹಣ್ಣಾಗವೆ. ಯಾರೂ ಯಾರ ಮನೆಗೂ ಹೋಗಂಗಿಲ್ಲ. ಪಕ್ಕದೂರಿಂದ ಹೋಗ್ತಿದ್ದೋರು ನಾವು ಮೂರು ಜನ, ನಾವಿಲ್ಲಿದೀವಿ.’

ಇಷ್ಟೆಲ್ಲ ಹಾಳೆ, ನಿಯಮ, ಹಟ ಮಾಡಿ ಕೊನೆಗೆ ಇಲ್ಲಿಗೆ ಬಂದು ನಿಂತಿತೇ ಎಂದು ಅಳು ಬರುವಂತಾಯಿತು. ಹುಡುಗಿಯರನ್ನು ಒಳಗೆ ಕಳಿಸಿ ರಸ್ತೆ ನೋಡುತ್ತಾ ನಿಂತೆ. ಮೊದಲ ಬೆಲ್ ಆಯಿತು.

ಆಗ ಒಂದು ಮೊಪೆಡ್ ಬಂತು. ಓಡಿಸುತ್ತಿದ್ದವರು ಅವಳ ಅಪ್ಪ. ಹುಳುಮನೆಯಿಂದ ನೇರ ಎದ್ದು ಬಂದವರು, ಅಂಗಿಯ ತೋಳಿಗೆ ಸೊಪ್ಪಿನ ಚೂರು ಮೆತ್ತಿಕೊಂಡಿತ್ತು. ಮಗಳು ಇಳಿದಳು, ಹಾಲ್ ಟಿಕೆಟ್ ಕೈಯಲ್ಲೇ ಇತ್ತು. ನನ್ನ ಕಡೆ ಒಮ್ಮೆ ನೋಡಿ ಒಳಗೆ ಓಡಿದಳು.

ಅವರು ಗಾಡಿ ತಿರುಗಿಸುತ್ತಿದ್ದರು. ಕೇಳಬಾರದಿತ್ತೋ ಏನೋ, ಕೇಳಿದೆ: ‘ಮನೇಲಿ ಹುಳ ಯಾರು ಆರಿಸ್ತಾ ಇದಾರೆ?’

‘ಅವರಮ್ಮ ಒಬ್ಬಳೇ ಅವಳೆ ಮೇಡಂ. ನಾನು ಹೋಗಿ ಕೈ ಹಾಕ್ಬೇಕು. ಎಲ್ಲಾ ಆಗಕ್ಕಿಲ್ಲ. ಒಂದಷ್ಟು ಸೊಪ್ಪಲ್ಲೇ ಗೂಡು ಕಟ್ಕೊಂತವೆ.’ ಗಾಡಿ ಸ್ಟಾರ್ಟ್ ಮಾಡಿದರು. ‘ಕಟ್ಲಿ ಬಿಡಿ.’

ರೇಷ್ಮೆ ಸಾಕುವವರ ಬಾಯಲ್ಲಿ ಆ ಮಾತನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಗಾಡಿ ಹೋಗಿಯಾಗಿತ್ತು. ನಾನು ಒಳಗೆ ಹೋಗಿ ಬಾಗಿಲು ಹಾಕಿದೆ.

ಅವಳು ಪಾಸಾದಳು, ಆ ಸೊನ್ನೆಯನ್ನೂ ಸೇರಿಸಿಕೊಂಡೇ.