ನಾಲ್ಕನೇ ಮಡಿಯ ಗೋಧಿ

ನಸುಕಿನಲ್ಲೇ ಸಂಶೋಧನಾ ಕೇಂದ್ರದ ಶೆಡ್ಡಿನ ಬಾಗಿಲು ತೆಗೆಯುವವರು ತಕ್ಕಡಿ ಅಕ್ಕ. ಬಡಿದು ಒಣಗಿಸಿದ ಗೋಧಿ ಚೀಲಗಳನ್ನು ಒಂದೊಂದಾಗಿ ತೂಗಿ, ಅಂಕಿಯನ್ನು ಎರಡು ಸಲ ಹೇಳುತ್ತಾರೆ. ಪ್ರಯೋಗ ನಡೆಸುವ ಸಾಹೇಬರು ಪಟ್ಟಿಯಲ್ಲಿ ಬರೆದುಕೊಳ್ಳುತ್ತಾರೆ. ಈ ಸಲ ನಾಲ್ಕನೇ ಮಡಿಗೆ ಬಂದಾಗ ಸಾಹೇಬರ ಪೆನ್ನು ನಿಂತೇ ಹೋಗುತ್ತದೆ.

ಹದಿನೈದು ಕಿಲೋ. ಯೂರಿಯಾ ಸೋಕದ ಮಡಿ ಅದು. ಹೋದ ವರ್ಷ ಅಲ್ಲಿ ಕಡಲೆ ಇತ್ತು. ಕಡಲೆಯಾದ ಮೇಲೆ ಯೂರಿಯಾ ಇಲ್ಲದೆಯೇ ಗೋಧಿ ಬೆಳೆದ ಉಳಿದ ಮಡಿಗಳೆಲ್ಲ ಹನ್ನೆರಡಕ್ಕೆ ಸುಸ್ತಾಗಿವೆ. ಗೋಧಿಯ ಮೇಲೆ ಗೋಧಿ ಬಿತ್ತಿ ಯೂರಿಯಾ ಸುರಿದಲ್ಲೂ ಬಂದಿರುವುದು ಹದಿನಾರೇ. ಮತ್ತೆ ತೂಗಿಸುತ್ತಾರೆ. ಮತ್ತೆ ಹದಿನೈದು. ಸಾಹೇಬರು ಪಟ್ಟಿಯಲ್ಲಿ ನಾಲ್ಕರ ಮುಂದೆ ಏನೋ ಗೀಚುತ್ತಾರೆ.

“ನಿಜ ಹೇಳಿ ಅಕ್ಕ. ಯೂರಿಯಾ ಕದ್ದು ತಂದು ಹಾಕಿದ್ರಾ?”

“ಇಲ್ಲ ಸಾರ್,” ಎನ್ನುತ್ತಾರೆ ಅಕ್ಕ. ಹನ್ನೊಂದು ವರ್ಷ, ವರ್ಷಕ್ಕೆ ನಲವತ್ತೆಂಟು ಮಡಿ, ಒಂದು ಕಾಳೂ ಆಚೀಚೆ ಆಗಿಲ್ಲ. ಆದರೆ ಬಾಯಿ ಬಿಟ್ಟರೂ ಕಷ್ಟ. ಕಡಲೆ ಗಿಡವನ್ನು ಬುಡಸಮೇತ ಕೀಳಬೇಕೆಂಬುದು ಇಲ್ಲಿನ ನಿಯಮ. ಎರಡು ವರ್ಷದ ಹಿಂದೆ ಅಕ್ಕನ ಎಡಗೈ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿಕೊಂಡಿದೆ. ಕೀಳಲಾಗುವುದಿಲ್ಲ ಎಂದರೆ ದಿನಗೂಲಿ ಹೋಗುತ್ತದೆಂದು ಹೋದ ವರ್ಷ, ಜೊತೆಗೆ ಕೂಲಿಗೆ ಬರುವ ನಾದಿನಿಗೆ ಉಳಿದ ಮಡಿಗಳನ್ನು ಬಿಟ್ಟು, ನಾಲ್ಕನೆಯದನ್ನು ತಾವು ಕುಡುಗೋಲಿನಲ್ಲಿ ಸದ್ದಿಲ್ಲದೆ ಕೊಯ್ದಿದ್ದಾರೆ.

ಕಳ್ಳಿ ಅನ್ನಿಸಿಕೊಳ್ಳುವುದಕ್ಕಿಂತ ಕೆಲಸ ಹೋಗುವುದೇ ವಾಸಿ ಎಂದು ಅಕ್ಕ ಎಲ್ಲವನ್ನೂ ಹೇಳಿಬಿಡುತ್ತಾರೆ. ಸಾಹೇಬರನ್ನು ಕರೆದೊಯ್ದು, ಈ ವರ್ಷ ತಾವು ಕೊಯ್ದ ಕಡಲೆ ಮಡಿಯನ್ನು ಅಗೆದು ತೋರಿಸುತ್ತಾರೆ. ಮಣ್ಣಿನೊಳಗೆ ಬೇರು, ಬೇರಿನ ತುಂಬ ಒಣಗಿದ ಸಣ್ಣ ಸಣ್ಣ ಗಂಟು. ಯೂರಿಯಾ ಕೊಡುವ ಸಾರಜನಕವನ್ನೇ ಗಾಳಿಯಿಂದ ಗಿಡಕ್ಕೆ ಹಿಡಿದುಕೊಡುವ ಗಂಟುಗಳವು. ಪಕ್ಕದ ನಾದಿನಿಯ ಮಡಿಯಲ್ಲಿ ಬರೀ ತೂತು. ಸಾಹೇಬರು ಅಲ್ಲೇ ಮಣ್ಣಿನ ಮೇಲೆ ಕುಕ್ಕರಿಸುತ್ತಾರೆ. ಇಷ್ಟು ವರ್ಷ ಲೆಕ್ಕ ಹಾಕಿದ್ದು ಬೇರು ಕಿತ್ತ ನೆಲದ್ದೇ ಆಗಿತ್ತು ಎಂಬುದು ಅವರಿಗೆ ಈಗ ಹೊಳೆಯುತ್ತದೆ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ.

“ನೀವು ತೂಕ ಕೇಳ್ತಿದ್ರಿ, ಹೇಳ್ತಿದ್ದೆ. ಹೆಂಗೆ ಕೊಯ್ದೆ ಅಂತ ಯಾವತ್ತೂ ಕೇಳ್ಲಿಲ್ವಲ್ಲ ಸಾರ್.”

ಬರುವ ವರ್ಷ ಕಿತ್ತ ಮಡಿ, ಕೊಯ್ದ ಮಡಿ ಎಂದು ಬೇರೆ ಬೇರೆ ಪರೀಕ್ಷೆ. ಅಕ್ಕನ ಕೆಲಸ ಉಳಿದಿದೆ. ಒಂದೇ ಮಡಿಯ ಮಾತು ನಂಬುವಂತಿಲ್ಲ, ಆದರೂ ವರದಿಯಲ್ಲಿ ನಿಮ್ಮ ಹೆಸರು ಹಾಕುತ್ತೇನೆ ಎಂದು ಸಾಹೇಬರು ಹೇಳಿದ್ದಾರೆ. ಅಕ್ಕನಿಗೆ ಅದು ಬೇಡವಂತೆ. ನಾದಿನಿಯ ಹತ್ತಿರ ಹೇಳುತ್ತಾರೆ:

“ನನ್ನ ಹೆಸರು ತಗೊಂಡು ಏನ್ಮಾಡ್ಲಿ? ಆವತ್ತು ಸಾಹೇಬ್ರು ಪಟ್ಟೀಲಿ ನಾಲ್ಕರ ಮುಂದೆ ‘ಮೋಸ’ ಅಂತ ಬರೆದ್ರು, ಅದಿನ್ನೂ ಹಂಗೇ ಇದೆ. ಅದನ್ನ ಹೊಡೆದು ಹಾಕಿದ್ರೆ ಸಾಕು. ನಂಗೆ ಓದೋಕೆ ಬರಲ್ಲ ಅಂದ್ಕೊಂಡಿದಾರೆ.”